ಮುಟ್ಟು ನಿಲ್ಲುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿ ಹೊಲಗಳಲ್ಲಿ ದುಡಿಯುವ ತಾಯಂದಿರಿಗೆ ನಲವತ್ತರ ಬಳಿಕ ಮುಟ್ಟು ಏರುಪೇರಾದರೆ, ‘ಗರ್ಭಕೋಶ ತೆಗೆಸಿಬಿಡು’ ಎಂಬ ಸಲಹೆ ಬಹುಬೇಗ ದೊರೆಯುವುದುಂಟು. ಇದನ್ನು ನಾವು ಒಪ್ಪಲಾರೆವು. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ನಲವತ್ತು ತುಂಬದವರಿಗೂ ಅನವಶ್ಯಕವಾಗಿ ಈ ಶಸ್ತ್ರಕ್ರಿಯೆ ನಡೆದಿದೆಯೆಂಬ ಆರೋಪ 2015ರಲ್ಲಿ ಹೊರಬಿದ್ದಿತು; ಇಂಥದನ್ನು ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳೆಲ್ಲ ಅಂಗೀಕರಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು.

ತಿರುಗುವ ಬುಗುರಿ ನಿಲ್ಲುವ ಮುನ್ನ ಓಲಾಡುವುದಿಲ್ಲವೆ? ಅಂತೆಯೇ ಅಂಡಾಶಯದ ಈಸ್ಟ್ರೋಜನ್ ಒಂದೇ ಸಮನೆ ಇಳಿಯದೆ ಕೆಲವು ವರ್ಷ ಏರಿಳಿಯುತ್ತದೆ. ಮೈ ಬಿಸಿಯೇರುವುದು, ಬೆವರು, ನಿದ್ರಾಭಂಗ ಈ ಕಾಲದವು, ರೋಗವಲ್ಲ. ಅತಿಸ್ರಾವವಾದರೆ ಪರೀಕ್ಷೆ ಅಗತ್ಯವೇ. ಆದರೆ ಅದಕ್ಕೆ ಮಾತ್ರೆಗಳುಂಟು, ಗರ್ಭಕೋಶದೊಳಗಿಡುವ ಹಾರ್ಮೋನ್ ಸಾಧನವುಂಟು.

ವಿದ್ಯಾರ್ಥಿಮಿತ್ರರೇ, ತಾಯಿಗೆ ಇಂಥ ಸಲಹೆ ಬಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಪಡೆಯಿರಿ. ಮುಟ್ಟು ಪೂರ್ಣ ಒಂದು ವರ್ಷ ನಿಂತ ಮೇಲೆ ರಕ್ತ ಕಂಡರಂತೂ ತಡಮಾಡದೆ ತೋರಿಸತಕ್ಕದ್ದು.