ಮಾಸ್ತರರ ಕೈಗೊಂದು ಮಳೆಮಾಪಕ



2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪೇಟೆಗೆ ನೀರು ನುಗ್ಗಿದ್ದನ್ನು, ಲೋಳಸೂರ ಸೇತುವೆ ಮುಳುಗಿದ್ದನ್ನು ಯಾರೂ ಮರೆತಿಲ್ಲ. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಎರಡನ್ನೂ ಕಂಡ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಹವಾಮಾನ ಬದಲಾವಣೆ ಎಂದರೇನೆಂದು ಕೇಳಿದರೆ ಮಾತ್ರ ಧ್ರುವದ ಹಿಮ, ಬಿಳಿ ಕರಡಿ ಎನ್ನುತ್ತಾರೆ.

ತಪ್ಪು ಮಕ್ಕಳದಲ್ಲ, ಮಾಸ್ತರರದೂ ಅಲ್ಲ. ಮೂಡಲಗಿ ಕಡೆಯ ಶಿಕ್ಷಕಿಯೊಬ್ಬರು ನೇರವಾಗಿಯೇ ಹೇಳಿದರು: “ಪಾಠದಾಗ ಇದ್ದದ್ದು ಓದಿಸ್ತೀನ್ರಿ ಸರ್. ಆದ್ರ ‘ನಮ್ಮೂರಾಗ ಮಳಿ ಇಲ್ಲದಾಗೂ ಹೊಳಿ ಹೆಂಗ ಬಂತ್ರಿ ಟೀಚರ್’ ಅಂತ ಹುಡುಗ ಕೇಳಿದ್ರ ಏನ್ ಹೇಳ್ಲಿ?”

ಆ ಹುಡುಗನ ಪ್ರಶ್ನೆಯೇ ಪಾಠ. ನಮ್ಮದು ಮಳೆನೆರಳಿನ ಸೀಮೆ. ಹೊಳೆ ತುಂಬುವುದು ಪಶ್ಚಿಮ ಘಟ್ಟದ ಮಳೆಯಿಂದ. ಹಿರಣ್ಯಕೇಶಿ ಅಂಬೋಲಿಯಲ್ಲಿ ಹುಟ್ಟಿ, ಹುಕ್ಕೇರಿ ತಾಲ್ಲೂಕು ಹಾಯ್ದು ಘಟಪ್ರಭೆಯನ್ನು ಸೇರುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದಕ್ಕೇ ಮಳೆ ಒಮ್ಮೆಲೇ ಸುರಿಯುವ ಸಂಭವ ಹೆಚ್ಚಾಗಿದೆ. ಹಾಗೆಂದು ಪ್ರತಿ ಮಹಾಪೂರಕ್ಕೂ ಇದೊಂದೇ ಕಾರಣವೆಂದು ಹೇಳಿಕೊಡಬಾರದು. ಹೊಳೆದಂಡೆ ಒತ್ತಿ ಮನೆ ಕಟ್ಟಿದ್ದು, ಆಣೆಕಟ್ಟಿನಿಂದ ನೀರು ಬಿಟ್ಟ ಹೊತ್ತು, ಇವೂ ಲೆಕ್ಕಕ್ಕೆ ಬರಬೇಕು.

ಸೇವೆಯಲ್ಲಿದ್ದಾಗ ನಾನೂ ಮೋರಿಗಳ ಅಳತೆಯನ್ನು ಹಳೆಯ ಮಳೆ ದಾಖಲೆ ನೋಡಿಯೇ ನಿರ್ಧರಿಸುತ್ತಿದ್ದೆ. ಮುಂದಿನ ಮಳೆ ಹಿಂದಿನಂತೆಯೇ ಬರುತ್ತದೆಂದು ನಂಬಿದ್ದೆ. ಅವುಗಳಲ್ಲಿ ಕೆಲವು ಈಗ ಸಾಲುತ್ತಿಲ್ಲ. ಇದನ್ನು ಮಕ್ಕಳ ಮುಂದೆ ಹೇಳಲು ನನಗೆ ಸಂಕೋಚವಿಲ್ಲ.

ಶಿಕ್ಷಕರಿಗೆ ಇನ್ನೊಂದು ಸುತ್ತೋಲೆ ಬೇಡ, ನೆರವು ಬೇಕು. ಶಾಲೆಗೊಂದು ಮಳೆಮಾಪಕ ಕೊಡೋಣ. ದಿನಾಲೂ ಬೆಳಿಗ್ಗೆ 8.30ಕ್ಕೆ ಮಕ್ಕಳೇ ಅಳೆದು ಬರೆಯಲಿ. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. 100 ಚದರ ಮೀಟರ್ ಛಾವಣಿಯ ಮೇಲೆ 10 ಮಿ.ಮೀ. ಬಿದ್ದರೆ 1,000 ಲೀಟರ್. ಗಣಿತದ ಪಿರಿಯಡ್‌ನಲ್ಲೇ ಆಗುವ ಕೆಲಸ. ಕಬ್ಬಿನ ರವದಿ ಸುಡುವ ಮಾತು ಮಾತ್ರ ಸೂಕ್ಷ್ಮ, ಏಕೆಂದರೆ ಸುಡುವವರು ಆ ಮಕ್ಕಳ ತಂದೆಯರೇ, ನಾವೇ. ಅದನ್ನು ಶಿಕ್ಷಕರ ತಲೆಗೆ ಕಟ್ಟದೆ ಮಠದ ಗೋಷ್ಠಿಯಲ್ಲಿ ಹಿರಿಯರ ಮುಂದೆ ಎತ್ತಬೇಕು.

ಪೂಜ್ಯರಲ್ಲಿ ವಿನಂತಿ: ಮುಂಗಾರಿಗೆ ಮೊದಲು ಒಂದು ಭಾನುವಾರ ಸಭಾಭವನ ಬಿಟ್ಟುಕೊಡಿ, ಮೂರೂ ತಾಲ್ಲೂಕಿನ ಶಿಕ್ಷಕರಿಗೆ ಪ್ರಸಾದದ ವ್ಯವಸ್ಥೆ ಮಾಡಿಸಿ. ಲೆಕ್ಕ ಹೇಳಿಕೊಡಲು ನನ್ನಂಥ ನಿವೃತ್ತರು ಬರುತ್ತೇವೆ. ಪ್ರಯಾಣಭತ್ಯೆ ಕೇಳುವುದಿಲ್ಲ.