ಹದಿಮೂರು ದಿನಗಳ ವಿಳಂಬ

ಜನಾಂದೋಲನಗಳನ್ನು ಸೇನೆಯಿಂದಲೇ ಹತ್ತಿಕ್ಕಬೇಕು, ಇಲ್ಲದಿದ್ದರೆ ಪ್ರಭುತ್ವ ಉಳಿಯದು ಎಂದು ವಾದಿಸುವವರು ಪೆರು ದೇಶದ ಬಾಗುವಾವನ್ನು ನೆನೆಯಬೇಕು. ಅಮೆಜಾನ್ ಕಾಡನ್ನು ಕಂಪನಿಗಳಿಗೆ ತೆರೆದಿಡುವ ಆಜ್ಞೆಗಳನ್ನು ಅಧ್ಯಕ್ಷ ಅಲನ್ ಗಾರ್ಸಿಯಾ ಅವರ ಸರ್ಕಾರ 2008ರಲ್ಲಿ ಹೊರಡಿಸಿತು. ಆ ಕಾಡಿನ ಮೂಲನಿವಾಸಿಗಳಾದ ಅವಾಹುನ್ ಮತ್ತು ವಾಂಪಿಸ್ ಜನರನ್ನು ಕೇಳುವ ಸೌಜನ್ಯವೂ ಅದಕ್ಕಿರಲಿಲ್ಲ. ಅವರು ವಾರಗಟ್ಟಲೆ ಹೆದ್ದಾರಿ ತಡೆದು ಕುಳಿತರು. ಸರ್ಕಾರ ತುರ್ತುಸ್ಥಿತಿ ಸಾರಿ, ಪೊಲೀಸರ ನೆರವಿಗೆ ಸೇನೆಯನ್ನೂ ಕರೆಯಿತು. 2009ರ ಜೂನ್ 5ರ ಮುಂಜಾನೆ 'ಸೈತಾನನ ತಿರುವು' ಎಂಬಲ್ಲಿ ಗುಂಡು ಹಾರಿತು.

ಸತ್ತವರು 33 ಮಂದಿ. ಅವರಲ್ಲಿ 23 ಮಂದಿ ಪೊಲೀಸರು! ತೈಲ ಪಂಪಿನ ಠಾಣೆಯೊಂದರಲ್ಲಿ ಪ್ರತಿಭಟನಕಾರರ ವಶದಲ್ಲಿದ್ದ ಪೊಲೀಸರು ಹತರಾದದ್ದು ಗೋಲಿಬಾರಿನ ಸುದ್ದಿ ಅಲ್ಲಿಗೆ ಮುಟ್ಟಿದ ಮೇಲೆ. ಆ ಹತ್ಯೆಗೆ ಸಮರ್ಥನೆಯಿಲ್ಲ. ಆದರೆ ಬಲಪ್ರಯೋಗವು ಸಮವಸ್ತ್ರ ತೊಟ್ಟ ಬಡವರ ಮಕ್ಕಳನ್ನಾದರೂ ಕಾಪಾಡಿತೇ?

ಜೂನ್ 18ರಂದು ಪೆರುವಿನ ಸಂಸತ್ತು ವಿವಾದದ ಎರಡು ಆಜ್ಞೆಗಳನ್ನು ರದ್ದುಪಡಿಸಿತು. ಅದೇ ಸಂಸತ್ತು ಗೋಲಿಬಾರಿನ ಹಿಂದಿನ ದಿನವಷ್ಟೇ ರದ್ದತಿಯ ಚರ್ಚೆಯನ್ನು ಮುಂದೂಡಿತ್ತು. ಹದಿಮೂರು ದಿನಗಳಲ್ಲಿ ಪ್ರಭುತ್ವವೇನೂ ಕುಸಿಯಲಿಲ್ಲ, ಹೆಣಗಳಷ್ಟೇ ಉರುಳಿದವು.

ಇದು ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ತಮಿಳುನಾಡಿನ ತೂತ್ತುಕುಡಿಯಲ್ಲಿ ಗುಂಡಿಕ್ಕಲು ಸೈನ್ಯವೂ ಬೇಕಾಗಲಿಲ್ಲ, ಪೊಲೀಸರೇ ಸಾಕಾದರು. ತಾಮ್ರ ಕಾರ್ಖಾನೆಯ ವಿರುದ್ಧದ ಚಳವಳಿ ನೂರನೆಯ ದಿನ ಮುಟ್ಟಿದ್ದು 2018ರ ಮೇ 22ರಂದು. ಅಂದು ಮತ್ತು ಮರುದಿನ ನಡೆದ ಗೋಲಿಬಾರಿಗೆ 13 ಮಂದಿ ಬಲಿಯಾದರು. ಕಾರ್ಖಾನೆಯನ್ನು ಮುಚ್ಚಲು ಸರ್ಕಾರ ಆದೇಶಿಸಿದ್ದು ಮೇ 28ರಂದು. ನೂರು ದಿನ ಜನ ಕೇಳಿದ್ದೂ ಅದನ್ನೇ.