ಗುಬ್ಬಿಗೆ ಅಂತ ಇಟ್ಟ ಅಕ್ಕಿ ಯಾರು ತಿಂದ್ರು?

ಉತ್ತರಹಳ್ಳಿಯಲ್ಲಿ ನಾವು ನಾಲ್ಕು ಜನ ಬಾಡಿಗೆಗಿರೋ ಮನೆಯ ಟೆರೇಸಲ್ಲಿ ಕಳೆದ ಬೇಸಿಗೆ ನಾನೊಂದು ಬರ್ಡ್ ಫೀಡರ್ ಕಟ್ಟಿದ್ದೆ. ಎರಡು ಲೀಟರಿನ ನೀರಿನ ಬಾಟಲಿ, ಅಡ್ಡಲಾಗಿ ಎರಡು ಮರದ ಚಮಚ, ಒಳಗೆ ನುಚ್ಚಕ್ಕಿ ಮತ್ತು ನವಣೆ. ಊರಲ್ಲಿ ಅಜ್ಜಿ ಅಕ್ಕಿ ಕೇರುವಾಗ ಮೊರದ ಸುತ್ತ ಸೇರುತ್ತಿದ್ದ ಗುಬ್ಬಿಗಳು ಇಲ್ಲಿಗೂ ಬರಲಿ ಅನ್ನೋ ಆಸೆ.

ಎರಡು ದಿನ ಯಾರೂ ಬರಲಿಲ್ಲ. ಮೂರನೇ ದಿನ ಒಂದು ಪಾರಿವಾಳ ಬಂತು, ವಾರದೊಳಗೆ ಅದರ ಬಳಗವೇ ಬಂತು. ಚಮಚದ ಮೇಲೆ ಕೂರೋಕೆ ಆಗದಿದ್ರೂ ರೆಕ್ಕೆ ಬಡಿದು ಬಾಟಲಿ ಅಲ್ಲಾಡಿಸಿ, ಕೆಳಗೆ ಚೆಲ್ಲಿದ ಕಾಳು ತಿನ್ನೋದನ್ನು ಕಲಿತವು. ನನ್ನ ಡಿಸೈನಿನ ತಪ್ಪು ನನಗಿಂತ ಮೊದಲು ಅವಕ್ಕೇ ಗೊತ್ತಾಯ್ತು! ಒಂದೆರಡು ಮುನಿಯ ಹಕ್ಕಿಗಳು ಕೇಬಲ್ ಮೇಲೆ ಸ್ವಲ್ಪ ಹೊತ್ತು ಕೂತು ನೋಡಿ ಹಾರಿಹೋದವು. 300 ಗ್ರಾಂ ತೂಗೋ ಹಕ್ಕಿಗಳ ಗುಂಪಿನ ನಡುವೆ ಪುಟ್ಟ ಹಕ್ಕಿ ಹೇಗೆ ತಾನೇ ನುಗ್ಗೀತು?

ಆಮೇಲೆ ಕೆಳಗಿನ ಮನೆ ಆಂಟಿ ಮೇಲೆ ಬಂದ್ರು. "ಪುಣ್ಯ ನೀವು ಕಟ್ಕೊಳ್ಳಿ, ಹಿಕ್ಕೆ ನಾವು ತೊಳೀಬೇಕಾ?" ಅಂದ್ರು. ಅವರ ಯಜಮಾನರಿಗೆ ಉಬ್ಬಸ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಣಗಿದ ಹಿಕ್ಕೆಯ ಪುಡಿ, ಗರಿಯ ಧೂಳು ತುಂಬಾ ಕಾಲ ಉಸಿರಿಗೆ ಸೇರಿದ್ರೆ ಕೆಲವರಿಗೆ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬರುತ್ತೆ. 2025ರಲ್ಲಿ ಮುಂಬೈಯ ದಾದರ್ ಕಬೂತರ್‌ಖಾನೆಗೆ ಟಾರ್ಪಾಲು ಹೊದಿಸಿದಾಗ ಎಷ್ಟು ಗಲಾಟೆ ಆಯ್ತು ಅಂತ ನೆನಪಿರಬಹುದು. ಅಲ್ಲಿ ಜಗಳ ನಡೆದಿದ್ದು ಭಕ್ತಿ ಮತ್ತು ಆರೋಗ್ಯದ ನಡುವೆ. ನನ್ನ ವಾದ ಅದಕ್ಕಿಂತ ಸರಳ: ಈ ಕಾಳಿನಿಂದ ಗುಬ್ಬಿಗೂ ಉಪಯೋಗ ಕಡಿಮೆ.

ಪಾರಿವಾಳದ ಗಂಡು, ಹೆಣ್ಣು ಎರಡೂ ಗಂಟಲಚೀಲದಲ್ಲಿ ಹಾಲಿನಂಥ ಆಹಾರ ತಯಾರಿಸಿ ಮರಿಗೆ ಉಣಿಸುತ್ತವೆ. ತಾವು ಕಾಳು ತಿಂದ್ರೆ ಸಾಕು, ಮರಿ ಬೆಳೆಯುತ್ತೆ. ಹಾಗಾಗಿ ಕಾಳು ಸಿಗೋವರೆಗೂ ವರ್ಷವಿಡೀ ಮರಿ ಮಾಡಬಲ್ಲವು. ಗುಬ್ಬಿ ಹಾಗಲ್ಲ. ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗೆ ಹುಳುಹುಪ್ಪಟೆ ಬೇಕೇ ಬೇಕು. ನಾವು ಸೈಟ್ ತುಂಬಾ ಕಾಂಕ್ರೀಟ್ ಹಾಕಿ, ಇರೋ ನಾಲ್ಕು ಕುಂಡಕ್ಕೂ ಔಷಧಿ ಹೊಡೆದು, ಟೆರೇಸಲ್ಲಿ ಅಕ್ಕಿ ಇಟ್ರೆ ಗೂಡಲ್ಲಿರೋ ಮರಿಗೆ ಏನು ಸಿಗುತ್ತೆ? 2020ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ ಹೇಳಿದ್ದೂ ಇದೇ ಕಡೆಗೆ ಬೊಟ್ಟು ಮಾಡುತ್ತೆ: ದೇಶದಲ್ಲಿ ಒಟ್ಟಾರೆ ಗುಬ್ಬಿಗಳ ಸಂಖ್ಯೆ ಸ್ಥಿರವಾಗಿದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಕಡಿಮೆಯಾಗ್ತಿದೆ.

"ಮೂಕ ಜೀವಕ್ಕೆ ಒಂದು ಹಿಡಿ ಹಾಕೋದು ನಮ್ಮ ಸಂಸ್ಕಾರ ಅಲ್ವಾ ಮಗಾ?" ಅಂತ ರೂಮ್‌ಮೇಟ್ ಕೇಳಿದ. ಖಂಡಿತ ಹೌದು. ಆದರೆ ಅಜ್ಜಿ ಚೆಲ್ಲುತ್ತಿದ್ದದ್ದು ಒಂದು ಹಿಡಿ ನುಚ್ಚು ಮಾತ್ರ. ಉಳಿದಿದ್ದೆಲ್ಲ ಹಿತ್ತಲಲ್ಲೇ ಇತ್ತು: ತಿಪ್ಪೆಯಲ್ಲಿ ಹುಳು, ಅವರೆ ಚಪ್ಪರ, ಗೂಡಿಗೆ ಹೆಂಚಿನ ಸಂದು. ನಾವು ಇಡೀ ಸಿಸ್ಟಮ್ ಬಿಟ್ಟು ನುಚ್ಚನ್ನು ಮಾತ್ರ ಕಾಪಿ ಮಾಡಿದೀವಿ.

ಮಾರ್ಚ್ 20ರ ಗುಬ್ಬಿ ದಿನಕ್ಕೆ ಕ್ಯಾಂಪಸ್‌ನಲ್ಲಿ ಬಾಟಲಿ ಫೀಡರ್ ಕಟ್ಟಿ ಸೆಲ್ಫಿ ತಗೊಳ್ಳೋ ಬದಲು ಬೇರೆ ಕೆಲಸ ಮಾಡೋಣ. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಾಯಿಸೋಣ. 32 ಮಿಲಿಮೀಟರ್ ತೂತಿನ ಗೂಡುಪೆಟ್ಟಿಗೆ ಮಾಡೋಣ. ಗುಬ್ಬಿ ನುಗ್ಗುತ್ತೆ, ಪಾರಿವಾಳ ನುಗ್ಗಲ್ಲ. ವರ್ಕ್‌ಶಾಪಲ್ಲಿ ಅದು ಅರ್ಧ ದಿನದ ಕೆಲಸ. ಹಾಸ್ಟೆಲ್ ಹಿಂದೆ ಒಂದು ಮೂಲೆಗೆ ಔಷಧಿ ಹೊಡೆಯದೆ, ಹುಲ್ಲು ಕತ್ತರಿಸದೆ ಬಿಡಿ ಅಂತ ಕೇಳೋಣ. ಕರಿಬೇವು, ಗಸಗಸೆ ಹಣ್ಣಿನ ಮರ ನೆಡೋಣ.

ನಾನು ಫೀಡರ್ ಬಿಚ್ಚಿಟ್ಟೆ. ಪಾರಿವಾಳಗಳು ನಾಲ್ಕು ದಿನ ಬಂದು ನೋಡಿ ಹೋದವು. ರಸ್ತೆ ತಿರುವಿನ ಗಸಗಸೆ ಮರದಲ್ಲಿ ಈಗ ಬೆಳಗ್ಗೆ ಪಿಕಳಾರಗಳ ಗದ್ದಲ ಕೇಳುತ್ತೆ. ಗುಬ್ಬಿ ಇನ್ನೂ ಬಂದಿಲ್ಲ. ಬರೋಕೆ ಒಂದು ಕಾರಣ ಬೇಕಲ್ಲ, ಅದನ್ನು ಮೊದಲು ಬೆಳೆಸೋಣ.